ಮಗ ಕೇಳುತ್ತಿರುವುದು ಸೈತಾನನ ಹಾಡಲ್ಲಮ್ಮ, ಸಂಸೋನನದು

ಪ್ರಶ್ನೆ: ನನ್ನ ಮಗನಿಗೆ ಹದಿನೇಳು ವರ್ಷ, ಎರಡನೇ ಪಿಯುಸಿ. ನಮ್ಮ ಚರ್ಚಿನ ಸಭೆಯ ಗಾಯನ ವೃಂದದಲ್ಲಿ ಗಿಟಾರ್ ನುಡಿಸುತ್ತಾನೆ. ಎರಡು ತಿಂಗಳಿಂದ ಒಂದೇ ಇಂಗ್ಲಿಷ್ ಹಾಡನ್ನು ಹಗಲೂ ರಾತ್ರಿ ಹಾಕಿಕೊಂಡು ಕೂತಿರುತ್ತಾನೆ. ‘ಗೌಜ್ ಅವೇ’ ಅಂತ ಅದರ ಹೆಸರು. ಹಾಡುವವನು ಮೊದಲು ಪಿಸುಗುಟ್ಟುತ್ತಾನೆ, ಆಮೇಲೆ ಗಂಟಲು ಹರಿಯುವ ಹಾಗೆ ಕಿರುಚುತ್ತಾನೆ. ಅರ್ಥ ಕೇಳಿ ತಿಳಿದುಕೊಂಡೆ, ಕಣ್ಣು ಕೀಳುವ ಮಾತಂತೆ. ಅದೇ ತಂಡದ ಟಿ-ಶರ್ಟ್ ಒಂದನ್ನು ತರಿಸಿಕೊಂಡಿದ್ದಾನೆ. ಅದರ ಮೇಲೆ ತಲೆಯ ಹಿಂದೆ ಪ್ರಭಾವಳಿ ಇರುವ ಕೋತಿ, ಜೊತೆಗೆ 6 ಎಂಬ ಅಂಕಿ. ಕೇಳಿದರೆ, “ಅಮ್ಮ, ಇದು ಬೈಬಲ್ ಕಥೇನೇ, ಸಂಸೋನಂದು” ಅನ್ನುತ್ತಾನೆ. ಇಂಥ ಹಾಡುಗಳನ್ನು ಹಿಂದುಮುಂದಾಗಿ ತಿರುಗಿಸಿ ಹಾಕಿದರೆ ಸೈತಾನನ ಮಾತು ಕೇಳಿಸುತ್ತದೆ ಎಂದು ನಮ್ಮ ಸಂಬಂಧಿಕರೊಬ್ಬರು ಹೆದರಿಸಿದ್ದಾರೆ. ಈಗ ಯೌವನಸ್ಥರ ಭಾನುವಾರಕ್ಕೆ ಅದನ್ನು ಕನ್ನಡಕ್ಕೆ ತಿರುಗಿಸಿ ಗುಡಿಯಲ್ಲೇ ಹಾಡಬೇಕೆಂದು ಹೊರಟಿದ್ದಾನೆ. ಸಭೆಯ ಪಾದ್ರಿ ಅಯ್ಯನವರಿಗೆ ಇನ್ನೂ ತಿಳಿಸಿಲ್ಲ. ಇದು ದೇವದೂಷಣೆಯೇ? ಗಿಟಾರ್ ಕಸಿದಿಟ್ಟರೆ ಸರಿಹೋಗುತ್ತದೆಯೇ? ಹನ್ನೆರಡು ವರ್ಷ ಸಂಡೇ ಸ್ಕೂಲಿನಲ್ಲಿ ಸಂಸೋನನ ಕಥೆಯನ್ನು ನಾನೇ ಹೇಳಿಕೊಟ್ಟಿದ್ದೇನೆ. ಅದರಲ್ಲಿ ಇಂಥದ್ದೇನೂ ನನಗೆ ಕಂಡಿರಲಿಲ್ಲ.

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲನ್ನು ಎರಡು ಸಲ ಓದಿದೆ. ಈ ಹಾಡಿನ ಗುಟ್ಟು ಅದರಲ್ಲೇ ಇದೆ, ಅಲ್ಲಿಗೆ ಆಮೇಲೆ ಬರುತ್ತೇನೆ.

ನೀವು ಬರೆದಿರುವ ಭಯ ಎರಡು. ಹಾಡಿನಲ್ಲಿ ಸೈತಾನನ ಕೈವಾಡ ಇದೆಯೇ ಎಂಬುದೊಂದು, ಶಾಸ್ತ್ರಕ್ಕೆ ಅವಮಾನವಾಗುತ್ತಿದೆಯೇ ಎಂಬುದು ಇನ್ನೊಂದು. ಮೂರನೆಯದನ್ನು ನೀವು ಬರೆದಿಲ್ಲ, ಆದರೆ “ಎರಡು ತಿಂಗಳಿಂದ ಒಂದೇ ಹಾಡು, ಹಗಲೂ ರಾತ್ರಿ” ಎಂಬ ಮಾತಿನಲ್ಲಿ ಅದು ಇಣುಕುತ್ತಿದೆ: ಹುಡುಗನಿಗೆ ಏನಾಗಿದೆ? ನಾನು ಚರ್ಚಿನಲ್ಲಿ ಆರ್ಗನ್ ನುಡಿಸುತ್ತ, ಮಕ್ಕಳಿಗೆ ಗಿಟಾರ್ ಕಲಿಸುತ್ತ ಇಪ್ಪತ್ತೈದು ವರ್ಷ ಕಳೆದವನು. ಮೊದಲ ಎರಡು ಭಯಕ್ಕೆ ನೇರವಾದ ಉತ್ತರ ಕೊಡಬಲ್ಲೆ. ಮೂರನೆಯದಕ್ಕೆ ಉತ್ತರ ನಿಮ್ಮ ಮನೆಯಲ್ಲೇ ಸಿಗಬೇಕು.

ಹಾಡು ಯಾವುದೆಂದು ಮೊದಲು ಹೇಳಿಬಿಡುತ್ತೇನೆ. ಅಮೆರಿಕದ ಬಾಸ್ಟನ್ನಿನಲ್ಲಿ 1986ರಲ್ಲಿ ಹುಟ್ಟಿದ ಪಿಕ್ಸೀಸ್ ಎಂಬ ತಂಡದ್ದು. 1989ರ ಏಪ್ರಿಲ್‌ನಲ್ಲಿ ಬಂದ ‘ಡೂಲಿಟಲ್’ ಆಲ್ಬಮ್‌ನ ಹದಿನೈದು ಹಾಡುಗಳಲ್ಲಿ ಇದೇ ಕೊನೆಯದು. ಉದ್ದ ಮೂರು ನಿಮಿಷವೂ ಇಲ್ಲ. ಬರೆದು ಹಾಡಿದವರು ಬ್ಲ್ಯಾಕ್ ಫ್ರಾನ್ಸಿಸ್. ಅದು ವೇದಿಕೆಯ ಹೆಸರು, ಮನೆಯಲ್ಲಿಟ್ಟ ಹೆಸರು ಚಾರ್ಲ್ಸ್ ಥಾಂಪ್ಸನ್. ನಿಮ್ಮ ಮಗ ಸುಳ್ಳು ಹೇಳಿಲ್ಲ. ಇದು ನ್ಯಾಯಸ್ಥಾಪಕರು ಪುಸ್ತಕದ ಹದಿನಾರನೇ ಅಧ್ಯಾಯವೇ.

ಸತ್ಯವೇದವನ್ನು ತೊಡೆಯ ಮೇಲಿಟ್ಟುಕೊಂಡು ಹಾಡು ಕೇಳಿದರೆ ಸಾಲು ಸಾಲೂ ತಾಳೆಯಾಗುತ್ತದೆ. ಹಾಡುವವನು ಸಂಸೋನ, ಕೇಳಿಸಿಕೊಳ್ಳುತ್ತಿರುವವಳು ಅವನು ಪ್ರೀತಿಸಿದ ದೆಲೀಲ, ಹಣಕ್ಕಾಗಿ ಅವನನ್ನು ಶತ್ರುಗಳಾದ ಫಿಲಿಷ್ಟಿಯರಿಗೆ ಹಿಡಿದುಕೊಟ್ಟವಳು. ಮೊದಲಲ್ಲೇ ಅವಳನ್ನು ಕಿರಿಕಿರಿಯ ಹೆಣ್ಣು ಎಂಬರ್ಥದಲ್ಲಿ ಕರೆಯುತ್ತಾನೆ. ಮೂಲದ ಹದಿನಾರನೇ ವಚನ ನೋಡಿ: ದಿನದಿನವೂ ಅವಳು ಪೀಡಿಸಿದ್ದರಿಂದ ಅವನಿಗೆ ಜೀವವೇ ಸಾಕಾಯಿತು ಎಂದಿದೆ. ಪವಿತ್ರವಾದ ಪ್ರಶ್ನೆಗಳನ್ನು ಕೇಳುತ್ತೀಯ, ನನ್ನ ಜಡೆ ಸವರುತ್ತೀಯ ಎನ್ನುತ್ತಾನೆ. ಅವಳು ಕೇಳಿದ್ದು ಅವನ ವ್ರತದ ಗುಟ್ಟನ್ನು, ಸವರಿದ್ದು ಅವನ ಏಳು ಜಡೆಗಳನ್ನು. ಆಮೇಲೆ ಕಣ್ಣನ್ನು ಚಮಚದಲ್ಲಿ ತೋಡಿದ ಮಾತು. ಕೊನೆಗೆ ಕಂಬಕ್ಕೆ ಬಿಗಿದ ಸರಪಳಿ, ಹಬ್ಬದ ಗದ್ದಲ, ಗೋಡೆ ಕೆಡವಿ ಎಲ್ಲರನ್ನೂ, ತನ್ನನ್ನೂ ಸೇರಿಸಿ, ಕೊಲ್ಲುವುದು. ಹಬ್ಬ ಮೂರು ದಿನದ್ದು ಎಂಬುದು ಹಾಡುಗಾರನ ಸೇರ್ಪಡೆ, ಮೂಲದಲ್ಲಿ ದಿನಗಳ ಲೆಕ್ಕವಿಲ್ಲ. ಕೈ ಮುರಿದದ್ದೂ ಮೂಲದಲ್ಲಿಲ್ಲ. ಉಳಿದ ಕ್ರೌರ್ಯವೆಲ್ಲ ಶಾಸ್ತ್ರದ್ದೇ.

‘ಕಣ್ಣು ಕೀಳು’ ಎಂಬುದು ಕೇಳುಗನಿಗೆ ಕೊಟ್ಟ ಅಪ್ಪಣೆಯಲ್ಲ. ಕಣ್ಣು ಕಳೆದುಕೊಳ್ಳಲಿರುವವನು ತನ್ನನ್ನು ಮಾರಿದವಳಿಗೆ, “ಕೀಳಮ್ಮ, ಕೀಳು, ಬೇಕಾದರೆ ದಿನವಿಡೀ ಇದ್ದು ಕೀಳು” ಎಂದು ಸೋತ ದನಿಯಲ್ಲಿ ಹೇಳುವ ಮಾತು. ತಾಳಮದ್ದಲೆಯಲ್ಲಿ ಕೌರವನ ಅರ್ಥ ಹೇಳುವವರು ಕೌರವನ ಪಕ್ಷದವರೇನಲ್ಲ ಎಂಬುದು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ರನ್ನನ ದುರ್ಯೋಧನ ಹೆಣಗಳ ನಡುವೆ ನಡೆಯುತ್ತ ಅಳುವಾಗ ನಮಗೂ ಗಂಟಲು ಕಟ್ಟುತ್ತದೆ. ಅದೇ ಕೆಲಸ ಗಿಟಾರ್ ಹಿಡಿದವನು ಮಾಡಿದರೆ ಮಾತ್ರ ನಾವು ಅನುಮಾನಿಸುತ್ತೇವೆ.

ಈಗ ನಿಮ್ಮ ಸಂಬಂಧಿಕರು ಹೇಳಿದ ವಿಷಯ. ಹಾಡನ್ನು ಹಿಂದುಮುಂದಾಗಿ ಹಾಕಿದರೆ ಸೈತಾನ ಮಾತಾಡುತ್ತಾನೆ ಎಂಬುದು 1980ರ ದಶಕದಲ್ಲಿ ಅಮೆರಿಕದ ಚರ್ಚುಗಳಲ್ಲಿ ಎದ್ದ ಹುಯಿಲು. ನಮ್ಮ ಕಡೆಗೂ ಬಂತು. ನಾನು ಕಾಲೇಜಿನಲ್ಲಿದ್ದಾಗ ಬೈಬಲ್ ಶಿಬಿರವೊಂದರಲ್ಲಿ ಕ್ಯಾಸೆಟ್ ಟೇಪನ್ನು ಬಿಚ್ಚಿ ತಿರುಗಿಸಿ ಸುತ್ತಿ ಕೇಳಿಸಿದ್ದರು. ಗೊರಗೊರ ಸದ್ದು. ಏನು ಕೇಳಿಸಬೇಕು ಎಂಬುದನ್ನು ಉಪದೇಶಕರು ಮೊದಲೇ ಹೇಳಿದ್ದರಿಂದ ನಮಗೆಲ್ಲ ಅದೇ ಕೇಳಿಸಿತು, ರಾತ್ರಿ ನಿದ್ದೆ ಬರಲಿಲ್ಲ. ಇದನ್ನು ಕೆನಡಾದ ಲೆತ್‌ಬ್ರಿಜ್ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳಾದ ಜಾನ್ ವೋಕಿ, ಡಾನ್ ರೀಡ್ 1985ರಲ್ಲಿ ಪರೀಕ್ಷೆ ಮಾಡಿ ಪ್ರಕಟಿಸಿದರು. ತಿರುಗಿಸಿದ ಮಾತಿನ ಅರ್ಥವನ್ನು ಕೇಳುಗರು ತಾವಾಗಿ ಹಿಡಿಯಲಾರರು. “ಇಂಥ ಮಾತು ಇದೆ” ಎಂದು ಮೊದಲೇ ಕಿವಿಯಲ್ಲಿ ಊದಿದರೆ ಮಾತ್ರ ಕೇಳಿಸುತ್ತದೆ. ಅವರು ತಿರುಗಿಸಿ ಕೇಳಿಸಿದ ಪಠ್ಯಗಳಲ್ಲಿ ಇಪ್ಪತ್ತಮೂರನೇ ಕೀರ್ತನೆಯೂ ಇತ್ತು! ಯೆಹೋವನು ನನ್ನ ಕುರುಬನು ಎಂಬ ಮಾತನ್ನು ತಿರುಗಿಸಿದರೂ ಗೊರಗೊರವೇ. ಸಂಬಂಧಿಕರು ಮತ್ತೆ ಬಂದಾಗ ಇದಿಷ್ಟನ್ನು ಹೇಳಿ ಕಾಫಿ ಕೊಟ್ಟು ಕಳಿಸಿ.

ಕೋತಿ ಮತ್ತು 6. ಅದು ‘ಡೂಲಿಟಲ್’ ಆಲ್ಬಮ್‌ನ ಹೊದಿಕೆಯ ಚಿತ್ರ. ಸರಿಯಾಗಿ ನೋಡಿದರೆ ಅಲ್ಲಿ 5 ಮತ್ತು 7 ಕೂಡ ಇರುತ್ತವೆ. ಅದೇ ಆಲ್ಬಮ್‌ನ ಇನ್ನೊಂದು ಹಾಡಿನಲ್ಲಿ ಮನುಷ್ಯ ಐದಾದರೆ ಸೈತಾನ ಆರು, ದೇವರು ಏಳು ಎಂಬ ಲೆಕ್ಕ ಬರುತ್ತದೆ. ಆ ಹಾಡಿನ ವಿಷಯ ಸಮುದ್ರಕ್ಕೆ ಸುರಿದ ಕೊಳೆ ಮತ್ತು ಆಕಾಶದ ಓಝೋನ್ ಪದರದ ತೂತು. ದೇವರನ್ನು ಏಳೆಂದು ಮೇಲಿಟ್ಟು ಕೂಗುವ ಹಾಡನ್ನು ಸೈತಾನನ ಪೂಜೆ ಎನ್ನುವುದು ಕಷ್ಟ. ಟಿ-ಶರ್ಟನ್ನು ಒಗೆದು ಒಣಗಹಾಕಿ, ಅದರಲ್ಲಿ ಮೈಲಿಗೆ ಏನೂ ಇಲ್ಲ.

ಇವೆಲ್ಲ ಹೊರಗಿನವರ ಮಾತಾಯಿತು. ಸಭೆಯೊಳಗೇ ಓಡಾಡುವ ತಪ್ಪು ತಿಳಿವಳಿಕೆಗಳೂ ಇವೆ, ಅವು ಈ ಪ್ರಶ್ನೆಗೆ ಇನ್ನೂ ಹತ್ತಿರ. ದೆಲೀಲ ಕತ್ತರಿ ಹಿಡಿದು ಕೂದಲು ಕತ್ತರಿಸಿದಳು ಎಂದೇ ನಾವು ಮಕ್ಕಳಿಗೆ ಹೇಳುತ್ತೇವೆ. ಹತ್ತೊಂಬತ್ತನೇ ವಚನದಲ್ಲಿ ಅವಳು ಅವನನ್ನು ತೊಡೆಯ ಮೇಲೆ ಮಲಗಿಸಿ ಒಬ್ಬ ಮನುಷ್ಯನನ್ನು ಕರೆಯುತ್ತಾಳೆ, ಕ್ಷೌರವಾಗುವುದು ಆಗ. ಅವಳು ಫಿಲಿಷ್ಟಿಯಳು ಎಂದೂ ಹೇಳುತ್ತೇವೆ. ಸೋರೇಕ್ ಕಣಿವೆಯವಳು ಎಂದಷ್ಟೇ ಶಾಸ್ತ್ರ ಹೇಳುತ್ತದೆ, ಯಾವ ಜನದವಳೋ ಹೇಳುವುದಿಲ್ಲ. ಒಬ್ಬೊಬ್ಬ ಅಧಿಪತಿಯೂ ಅವಳಿಗೆ ಕೊಡಲು ಒಪ್ಪಿದ್ದು 1100 ಬೆಳ್ಳಿ ನಾಣ್ಯ. ಫಿಲಿಷ್ಟಿಯರ ಪಟ್ಟಣಗಳು ಐದು ಎಂದು ಹಿಡಿದರೆ ಒಟ್ಟು 5500. ಯೇಸುವನ್ನು ಹಿಡಿದುಕೊಟ್ಟ ಇಸ್ಕರಿಯೋತ ಯೂದನಿಗೆ ಸಿಕ್ಕಿದ್ದು ಮೂವತ್ತು.

ಎಲ್ಲಕ್ಕಿಂತ ದೊಡ್ಡ ತಪ್ಪು, ಶಕ್ತಿ ಕೂದಲಲ್ಲಿತ್ತು ಎಂಬುದು. ಅವನು ಹುಟ್ಟಿನಿಂದ ನಾಜೀರ, ಅಂದರೆ ವ್ರತ ಹೊತ್ತು ದೇವರಿಗೆ ಮೀಸಲಾದವನು. ಅರಣ್ಯಕಾಂಡ ಆರನೇ ಅಧ್ಯಾಯದ ಪ್ರಕಾರ ನಾಜೀರನು ದ್ರಾಕ್ಷಾರಸ ಮುಟ್ಟಬಾರದು, ಹೆಣ ಮುಟ್ಟಬಾರದು, ತಲೆಗೆ ಕತ್ತಿ ತಾಗಿಸಬಾರದು. ಸಂಸೋನ ಸತ್ತ ಸಿಂಹದ ಒಡಲಿಂದ ಜೇನು ತೆಗೆದು ತಿಂದವನು, ಮದುವೆ ಔತಣ ಮಾಡಿಸಿದವನು. ವ್ರತದ ಹಗ್ಗದ ಎಳೆಗಳು ಒಂದೊಂದಾಗಿ ಹರಿದು ಉಳಿದಿದ್ದ ಕೊನೆಯ ಎಳೆ ಆ ಕೂದಲು. ಅದೂ ಹೋದ ಮೇಲೆ ಅವನು ಎದ್ದು ಮೈಕೊಡವಿದ. ಯೆಹೋವನು ತನ್ನನ್ನು ಬಿಟ್ಟುಹೋದದ್ದು ಅವನಿಗೆ ತಿಳಿದಿರಲಿಲ್ಲ ಎನ್ನುತ್ತದೆ ಇಪ್ಪತ್ತನೇ ವಚನ. ಇಡೀ ಹಳೆ ಒಡಂಬಡಿಕೆಯಲ್ಲಿ ಇಷ್ಟು ತಣ್ಣಗೆ ಭಯ ಹುಟ್ಟಿಸುವ ಮಾತು ನನಗೆ ಇನ್ನೊಂದು ಸಿಕ್ಕಿಲ್ಲ.

ನೀವು ಹೇಳಿಕೊಟ್ಟ ಸಂಸೋನ ಯಾರು? ಸಿಂಹ ಸೀಳಿದವನು, ಕತ್ತೆಯ ದವಡೆ ಎಲುಬಿನಿಂದ ಸಾವಿರ ಮಂದಿಯನ್ನು ಕೆಡವಿದವನು, ಗಾಜಾ ಊರಿನ ಹೆಬ್ಬಾಗಿಲನ್ನೇ ಕಿತ್ತು ಹೆಗಲ ಮೇಲೆ ಹೊತ್ತು ಬೆಟ್ಟ ಹತ್ತಿದವನು. ಆ ರಾತ್ರಿ ಗಾಜಾಕ್ಕೆ ಯಾತಕ್ಕೆ ಹೋಗಿದ್ದ ಎಂಬುದನ್ನು ನಾವು ಹೇಳುವುದಿಲ್ಲ. ನಾನೂ ಹೀಗೇ ಹೇಳಿಕೊಟ್ಟವನು. ಫ್ಲಾನೆಲ್ ಬೋರ್ಡಿಗೆ ಅಂಟಿಸುವ ನನ್ನ ಚಿತ್ರದ ಕಟ್ಟಿನಲ್ಲಿ ಕಂಬಗಳಿದ್ದವು, ಉದ್ದ ಕೂದಲಿತ್ತು, ಕಣ್ಣು ಕೀಳುವ ಚಿತ್ರ ಇರಲಿಲ್ಲ. ಏಳು ವರ್ಷದ ಮಕ್ಕಳಿಗೆ ಅದು ಸರಿಯೇ. ತಪ್ಪಾಗುವುದು ಎಲ್ಲೆಂದರೆ, ಮಗು ಹದಿನೇಳಾದರೂ ಯಾರೂ ಉಳಿದರ್ಧ ಹೇಳುವುದಿಲ್ಲ. ಆ ಅರ್ಧವನ್ನು ನಿಮ್ಮ ಮಗನಿಗೆ ಒಂದು ರಾಕ್ ತಂಡ ಹೇಳಿತು. ನಿಮಗೆ ಹಾಡಿನಲ್ಲಿ ‘ಇಂಥದ್ದು’ ಹೊಸದಾಗಿ ಕಂಡದ್ದಕ್ಕೂ ಕಾರಣ ಅದೇ.

ಬರೆದವನಿಗೂ ಹಾಗೇ ಆಗಿರಬೇಕು. ಥಾಂಪ್ಸನ್ ಹದಿಹರೆಯಕ್ಕೆ ಕಾಲಿಡುವ ಹೊತ್ತಿಗೆ ಅವರ ಮನೆಯವರು ಪೆಂಟೆಕೋಸ್ಟಲ್ ಸಭೆಯೊಂದಕ್ಕೆ ಸೇರಿದರು. ಅಲ್ಲಿ ಅವರಿಗೆ ಲ್ಯಾರಿ ನಾರ್ಮನ್ ಎಂಬ ಕ್ರೈಸ್ತ ರಾಕ್ ಗಾಯಕನ ಹುಚ್ಚು ಹಿಡಿಯಿತು. ಪಿಕ್ಸೀಸ್ ತಂಡದ 1987ರ ಮೊದಲ ರೆಕಾರ್ಡಿಗೆ ಹೆಸರು ಬಂದದ್ದೂ ಆ ಗಾಯಕನ ಒಂದು ಮಾತಿನಿಂದಲೇ. ಅಂದರೆ ಹೊರಗಿನಿಂದ ಬಂದು ಗೇಲಿ ಮಾಡಿದವರಲ್ಲ, ಬೆಂಚಿನ ಮೇಲೆ ಕೂತು ಪ್ರಸಂಗ ಕೇಳಿಸಿಕೊಂಡವರು. ಅದೇ ಆಲ್ಬಮ್‌ನ ಆರನೆಯ ಹಾಡು ದಾವೀದ ರಾಜ, ಅವನು ಬಯಸಿದ ಬತ್ಷೆಬೆ, ಅವಳಿಗಾಗಿ ಅವನು ಸಾಯಿಸಿದ ಅವಳ ಗಂಡ ಊರೀಯ, ಈ ಮೂವರ ಕಥೆ. ನಿಮ್ಮ ಮಗ ಇನ್ನೂ ಅಲ್ಲಿಗೆ ಬಂದಿಲ್ಲದಿದ್ದರೆ ಬರುವ ತಿಂಗಳು ಬರುತ್ತಾನೆ, ಸಿದ್ಧರಾಗಿರಿ. ಪ್ರಸಂಗ ಕೇಳಿ ಬೆಳೆದ ಮಕ್ಕಳ ಕಿವಿಯಲ್ಲಿ ಉಳಿಯುವುದು ಬಹಳ ಸಲ ಪ್ರಸಂಗಿ ಬೇಗ ದಾಟಿಸಿದ ಸಾಲುಗಳೇ. ಇದು ನನ್ನ ಶಿಷ್ಯರಲ್ಲಿ ಕಂಡದ್ದು.

ಶಾಸ್ತ್ರದ ಕಥೆಯನ್ನು ಹೀಗೆ ವೇದಿಕೆಗೆ ತಂದಾಗ ಮುಖ ಸಿಂಡರಿಸುವುದೂ ಹೊಸದಲ್ಲ. ಇದೇ ಕಥೆಯ ಮೇಲೆ ಫ್ರಾನ್ಸಿನ ಸೇಂಟ್-ಸಾನ್ಸ್ ಬರೆದ ಅಪೆರಾ, ಅಂದರೆ ಗೀತನಾಟಕ, ಮೊದಲು ರಂಗ ಕಂಡದ್ದು 1877ರಲ್ಲಿ, ಅದೂ ಅವರ ದೇಶದಲ್ಲಲ್ಲ, ಜರ್ಮನಿಯ ವೈಮಾರ್‌ನಲ್ಲಿ. ಬೈಬಲಿನ ಪಾತ್ರಗಳು ರಂಗದ ಮೇಲೆ ಬರಬಾರದು ಎಂಬ ಕಟ್ಟಳೆಯಿಂದ ಬ್ರಿಟನ್ನಿನಲ್ಲಿ 1909ರವರೆಗೆ ಅದನ್ನು ರಂಗಕ್ಕೆ ತರಲಾಗಲಿಲ್ಲ. ಇವತ್ತು ಅದರ ಹಾಡುಗಳನ್ನು ಸಂಗೀತ ಪರೀಕ್ಷೆಗೆ ಕಲಿಸುತ್ತಾರೆ.

ಪಿಸುಮಾತು, ಆಮೇಲೆ ಕಿರುಚಾಟ. ನಿಮಗೆ ಅತಿ ಕಿರಿಕಿರಿ ಮಾಡಿರುವುದು ಇದೇ ಎಂದು ನನ್ನ ಊಹೆ, ಹಾಗಾಗಿ ಇದಕ್ಕೆ ಸ್ವಲ್ಪ ಹೆಚ್ಚು ಜಾಗ ಕೊಡುತ್ತೇನೆ. ಹಾಡು ಕಿಮ್ ಡೀಲ್ ಅವರ ಬೇಸ್ ಗಿಟಾರ್ ಮತ್ತು ಡೇವಿಡ್ ಲವರಿಂಗ್ ಅವರ ಡ್ರಮ್‌ನಿಂದ ತೆರೆಯುತ್ತದೆ. ಸಂಸೋನ ಬಾಯಿ ತೆರೆದಾಗ ದಿಂಬಿನ ಪಕ್ಕದ ಮಾತಿನ ಹಾಗಿರುತ್ತದೆ. ಅವಳ ತೊಡೆಯ ಮೇಲೆ ತಲೆ ಇಟ್ಟವನು ಹೇಗೆ ಮಾತಾಡಬೇಕೋ ಹಾಗೆ. ಇದ್ದಕ್ಕಿದ್ದಂತೆ ಜೋಯಿ ಸ್ಯಾಂಟಿಯಾಗೊ ಅವರ ಗಿಟಾರ್ ಗೋಡೆ ಬಿದ್ದ ಹಾಗೆ ಬೀಳುತ್ತದೆ. ಮತ್ತೆ ಪಿಸುಮಾತು, ಮತ್ತೆ ಗೋಡೆ. ತಮಾಷೆ ಎಂದರೆ ಕೆಳಗೆ ಓಡುವ ಮೂರು ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳ) ಸುತ್ತು ಬದಲಾಗುವುದೇ ಇಲ್ಲ. ಮೆಲ್ಲಗೆ ಇದ್ದಾಗಲೂ ಅದೇ, ಅಬ್ಬರಿಸಿದಾಗಲೂ ಅದೇ. ಕಣ್ಣಿಲ್ಲದವನು ಸೆರೆಮನೆಯಲ್ಲಿ ಬೀಸುಕಲ್ಲು ತಿರುಗಿಸುತ್ತಿದ್ದಾನೆ ಅನ್ನಿಸುತ್ತದೆ ನನಗೆ. ತಂಡದವರಿಗೆ ಅದು ಮನಸ್ಸಿನಲ್ಲಿತ್ತೋ ಇಲ್ಲವೋ, ನನ್ನ ಕಿವಿಗೆ ಬೀಸುಕಲ್ಲೇ.

ಈ ಮೆಲ್ಲಗೆ-ಜೋರು ಆಟ ಆ ತಂಡದ ಗುರುತು. ನಿರ್ವಾಣ ತಂಡದ ಕರ್ಟ್ ಕೊಬೇನ್ ತಮ್ಮ ಅತಿ ಹೆಸರಾದ ಹಾಡನ್ನು ಕಟ್ಟುವಾಗ ಪಿಕ್ಸೀಸ್ ಅವರನ್ನು ನಕಲು ಮಾಡಲು ಹೊರಟಿದ್ದೆ ಎಂದು 1994ರಲ್ಲಿ ಪ್ರಕಟವಾದ ಸಂದರ್ಶನದಲ್ಲಿ ತಾವೇ ಒಪ್ಪಿಕೊಂಡರು. ಆಲ್ಟರ್ನೇಟಿವ್ ರಾಕ್ ಎಂದು ಕರೆಯುವ ಸಂಗೀತದಲ್ಲಿ ಇಂದು ಎಲ್ಲೆಲ್ಲೂ ಕೇಳುವ ಆ ಏರಿಳಿತದ ಬೇರುಗಳಲ್ಲಿ ಇದೂ ಒಂದು. ಹದಿನೇಳರ ಗಿಟಾರಿಗನಿಗೆ ಇದು ಪಾಠದ ಹಾಡು. ಒಂದೇ ಹಾಡನ್ನು ನೂರು ಸಲ ಕೇಳುವುದು ಕಲಿಯುವವರ ಅಭ್ಯಾಸ. ಬಾಖ್‌ನ ಒಂದು ಫ್ಯೂಗ್‌ಗಾಗಿ ನಾನು ಒಂದು ಇಡೀ ಮಳೆಗಾಲ ಮನೆಯವರ ತಲೆ ತಿಂದಿದ್ದೇನೆ. ಹಾಗಾಗಿ ಎರಡು ತಿಂಗಳು ಎಂಬುದರಿಂದಲೇ ಗಾಬರಿಯಾಗಬೇಡಿ.

ಹಾಗಾದರೆ ಈ ಹಾಡಿನಲ್ಲಿ ಯೋಚಿಸಬೇಕಾದದ್ದು ಏನೂ ಇಲ್ಲವೇ? ಇದೆ, ಆದರೆ ನೀವು ಹುಡುಕುತ್ತಿರುವ ಜಾಗದಲ್ಲಿಲ್ಲ.

ಸಣ್ಣದು ಮೊದಲು. ಒಂದು ಸಾಲಿನಲ್ಲಿ ಸಂಸೋನ ದೆಲೀಲಳ ಹತ್ತಿರ ಗಾಂಜಾ ಕೇಳುತ್ತಾನೆ. ದ್ರಾಕ್ಷಾರಸವನ್ನೇ ಮುಟ್ಟಬಾರದ ನಾಜೀರನ ಬಾಯಲ್ಲಿ ಆ ಮಾತು ಇಟ್ಟದ್ದರಲ್ಲಿ ಒಂದು ಕುಹಕವಿದೆ, ವ್ರತಭಂಗವನ್ನು ಈ ಕಾಲದ ಭಾಷೆಗೆ ತಂದಿದ್ದಾರೆ ಎಂದು ನಾನು ಓದಿಕೊಳ್ಳುತ್ತೇನೆ. ಆದರೂ ಅದು ಇದೆ, ನಿಮ್ಮ ಮಗನಿಗೂ ಗೊತ್ತಿದೆ. ನಿಮಗೆ ಗೊತ್ತಿಲ್ಲವೆಂದು ಅವನು ತಿಳಿದಿರುತ್ತಾನೆ.

ದೊಡ್ಡದು ಕೊನೆ. ಶಾಸ್ತ್ರದ ಸಂಸೋನ ಕಂಬ ತಬ್ಬುವ ಮೊದಲು ಪ್ರಾರ್ಥಿಸುತ್ತಾನೆ. ಇಪ್ಪತ್ತೆಂಟನೇ ವಚನ: ದೇವರೇ, ಇದೊಂದು ಸಾರಿ ನನ್ನನ್ನು ನೆನಪುಮಾಡಿಕೋ ಎಂದು. ಅದಕ್ಕೂ ಮೊದಲು, ಇಪ್ಪತ್ತೆರಡರಲ್ಲಿ, ಬೋಳಿಸಿದ ತಲೆಯಲ್ಲಿ ಕೂದಲು ಮತ್ತೆ ಬೆಳೆಯತೊಡಗಿತು ಎಂಬ ಒಂದೇ ಒಂದು ಚಿಕ್ಕ ವಾಕ್ಯವಿದೆ. ಹಾಡಿನಲ್ಲಿ ಇವೆರಡೂ ಇಲ್ಲ. ಕೂದಲು ಬೆಳೆಯುವುದಿಲ್ಲ, ಪ್ರಾರ್ಥನೆಯಿಲ್ಲ. ಮೋಸ, ಕುರುಡು, ಸರಪಳಿ, ಎಲ್ಲರ ಸಾವು, ಅಷ್ಟೇ. ಹಾಡಾಗಿ ಅದು ಬಿಗಿಯಾಗಿದೆ, ನಾನು ಒಂದಕ್ಷರ ಬದಲಿಸೆ. ಆದರೆ ಮನಸ್ಸು ನೊಂದಿರುವ ಹುಡುಗನೊಬ್ಬ ಅದನ್ನೇ ಪದೇ ಪದೇ ಕೇಳುತ್ತಿದ್ದರೆ, ಅವನಿಗೆ ಹಿಡಿಸಿರುವುದು ಗಿಟಾರೋ ಆ ಕೊನೆಯ ಸಾಲೋ ಎಂದು ತಿಳಿದುಕೊಳ್ಳಬೇಕಾದದ್ದು ಮನೆಯವರ ಕೆಲಸ. ಹಾಡು ಯಾರನ್ನೂ ಹಾಳುಮಾಡುವುದಿಲ್ಲ ಎಂಬ ನಂಬಿಕೆ ನನ್ನದು. ಆದರೆ ನೊಂದವರು ತಮ್ಮ ನೋವಿಗೆ ಸರಿಹೊಂದುವ ಹಾಡನ್ನು ಆರಿಸಿಕೊಳ್ಳುತ್ತಾರೆ. ಯಾರೋ ಅವನನ್ನು ನಂಬಿಸಿ ಕೈಕೊಟ್ಟಿರಬಹುದು. ಕಾಲೇಜಿನಲ್ಲಿ ಯಾರೋ ಅವಮಾನ ಮಾಡಿರಬಹುದು. ಅಥವಾ ಮೂರು ಕಾರ್ಡ್‌ಗಳ ಸುತ್ತು ಅವನ ಬೆರಳಿಗೆ ಹಿಡಿಸಿರಬಹುದು, ಬೇರೇನೂ ಇರಲಿಕ್ಕಿಲ್ಲ.

ಕೇಳುವ ಬಗೆ ಹೀಗಿರಲಿ. “ಯಾಕೆ ಇಂಥ ಹಾಡು ಕೇಳ್ತೀಯ?” ಎಂದರೆ ಬಾಗಿಲು ಮುಚ್ಚುತ್ತದೆ. ಅವನ ಇಯರ್‌ಫೋನಿನ ಒಂದು ತುದಿ ಕೇಳಿ ಪಡೆದು ಕಿವಿಗೆ ಸಿಕ್ಕಿಸಿಕೊಳ್ಳಿ, ಪೂರ್ತಿ ಕೇಳಿ, ಆಮೇಲೆ “ಇದರಲ್ಲಿ ನಿನಗೆ ಯಾವ ಸಾಲು ಇಷ್ಟ?” ಎಂದು ಕೇಳಿ. ಹನ್ನೆರಡು ವರ್ಷ ಸಂಸೋನನ ಪಾಠ ಮಾಡಿದ ನೀವು ಆ ಮನೆಯಲ್ಲಿ ಇದಕ್ಕೆ ಎಲ್ಲರಿಗಿಂತ ಯೋಗ್ಯರು. ಅವನು ಊಟ ಬಿಟ್ಟಿದ್ದರೆ, ನಿದ್ದೆ ಕೆಟ್ಟಿದ್ದರೆ, ಗೆಳೆಯರನ್ನು ಬಿಟ್ಟು ಒಂಟಿಯಾಗಿದ್ದರೆ, ಸಾಯುವ ಮಾತಾಡಿದರೆ ಅಥವಾ ತನ್ನ ಪ್ರೀತಿಯ ವಸ್ತುಗಳನ್ನು ಯಾರಿಗಾದರೂ ಕೊಟ್ಟುಬಿಡುತ್ತಿದ್ದರೆ ಸಂಗೀತದವನಾದ ನನ್ನ ಉತ್ತರಕ್ಕೆ ಕಾಯಬೇಡಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ.

ಇನ್ನು ಗಿಟಾರ್ ಕಸಿದಿಡುವ ವಿಷಯ. ಬೇಡ. ನನ್ನ ಬಳಿ ಕಲಿಯುತ್ತಿದ್ದ ಹುಡುಗನೊಬ್ಬನ ತಂದೆ ಇಂಥದ್ದೇ ಕಾರಣಕ್ಕೆ ಗಿಟಾರನ್ನು ಅಲ್ಮೆರಾದಲ್ಲಿಟ್ಟು ಬೀಗ ಹಾಕಿದರು. ಹುಡುಗ ಹಾಡು ಕೇಳುವುದನ್ನು ಬಿಡಲಿಲ್ಲ, ಗಾಯನ ವೃಂದಕ್ಕೆ ಬರುವುದನ್ನು ಬಿಟ್ಟ. ಫೋನು ಕೈಯಲ್ಲಿರುವ ಕಾಲದಲ್ಲಿ ಗಿಟಾರ್ ಕಸಿದರೆ ಹೋಗುವುದು ಹಾಡಲ್ಲ, ಅವನು ಹಾಡುವಾಗ ಬಾಗಿಲ ಸಂದಿಯಲ್ಲಿ ನಿಮಗೆ ಕೇಳಿಸುತ್ತಿತ್ತಲ್ಲ, ಅದು ಹೋಗುತ್ತದೆ. ಏನೂ ಮಾಡದೆ ಸುಮ್ಮನಿರುವುದೂ ಒಂದು ದಾರಿ. ತೊಂಬತ್ತು ಪಾಲು ಮನೆಗಳಲ್ಲಿ ಅದರಿಂದ ಕೆಡುವುದೇನೂ ಇಲ್ಲ. ಉಳಿದ ಮನೆಗಳಲ್ಲಿ ನಿಮ್ಮದೂ ಒಂದೋ ಅಲ್ಲವೋ ಎಂದು ತಿಳಿಯದೆ ಹೋಗುವುದೇ ಅದರ ಅಪಾಯ.

ಹಾಡನ್ನು ಇದ್ದ ಹಾಗೇ ಯೌವನಸ್ಥರ ಭಾನುವಾರಕ್ಕೆ ಹಾಡುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ದೇವದೂಷಣೆ ಎಂಬ ಕಾರಣಕ್ಕಲ್ಲ. ಇಂಗ್ಲಿಷ್ ಅರ್ಥವಾದವರಿಗೆ ಗಾಂಜಾ ಕೇಳಿಸುತ್ತದೆ, ಆಗದವರಿಗೆ ಕಿರುಚಾಟ ಮಾತ್ರ ಕೇಳಿಸುತ್ತದೆ, ಇಬ್ಬರಿಗೂ ಸಂಸೋನ ಕೇಳಿಸುವುದಿಲ್ಲ. ಜೊತೆಗೆ ಹಳೆಯ ಗುಡಿಗಳ ಎತ್ತರದ ಮಾಡು ಮತ್ತು ಬರೀ ಗೋಡೆಗಳು ಆರ್ಗನ್‌ಗೆ, ಸಾಮೂಹಿಕ ಗೀತೆಗೆ ಹೇಳಿ ಮಾಡಿಸಿದ್ದು. ದನಿ ಅಲ್ಲಿ ಎರಡು ಮೂರು ಸೆಕೆಂಡು ಸುತ್ತುತ್ತದೆ. ಪಿಸುಮಾತು ಮೂರನೇ ಬೆಂಚು ದಾಟುವುದಿಲ್ಲ, ಡ್ರಮ್ ಮತ್ತು ಕಿರುಚು ಕಲಸಿ ರಾಡಿಯಾಗುತ್ತದೆ. ಹುಡುಗನಿಗೆ ಆಗುವ ಅವಮಾನ ಹತ್ತು ವರ್ಷ ನೆನಪಿರುತ್ತದೆ. ಬೇಕಿದ್ದರೆ ಯೌವನಸ್ಥರ ಸಂಘದ ಕೂಟದಲ್ಲಿ, ಹಾಲ್‌ನಲ್ಲಿ, ಮೊದಲು ಆ ಅಧ್ಯಾಯ ಓದಿಸಿ ಆಮೇಲೆ ನುಡಿಸಲಿ. ಆಗಲೂ ಅಯ್ಯನವರಿಗೆ ಮೊದಲೇ ತಿಳಿದಿರಬೇಕು. ಕದ್ದು ಮಾಡಿದ್ದು ಒಳ್ಳೆಯದಾದರೂ ಸಭೆಯಲ್ಲಿ ಜಗಳವಾಗುತ್ತದೆ, ನೀವು ಕಂಡಿದ್ದೀರಿ.

ಕನ್ನಡಕ್ಕೆ ತಿರುಗಿಸುವುದರಲ್ಲಿ ಒಂದು ತೊಡಕಿದೆ. ಟಿಕೆಟ್ ಇಲ್ಲದೆ ಹವ್ಯಾಸಿಗಳು ಕೂಡಿ ಹಾಡುವುದಕ್ಕೆ, ಧಾರ್ಮಿಕ ಸಂಸ್ಥೆಯ ಸಹಾಯಕ್ಕಾಗಿ ಹಾಡುವುದಕ್ಕೆ 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆ ವಿನಾಯಿತಿ ಕೊಟ್ಟಿದೆ. ಅನುವಾದದ ಹಕ್ಕು ಬೇರೆ, ಅದು ಬರೆದವರದು. ಗುಡಿಯೊಳಗೆ ಯಾರೂ ಕೇಳಲಾರರು, ಆದರೆ ಯಾರೋ ವಿಡಿಯೊ ಮಾಡಿ ಯೂಟ್ಯೂಬಿಗೆ ಏರಿಸಿದರೆ ಅದು ಕೆಳಗಿಳಿಯಬಹುದು.

ನ್ಯಾಯಸ್ಥಾಪಕರು ಹದಿನಾರರ ಕಥೆ ಯಾರ ಸ್ವತ್ತೂ ಅಲ್ಲ. ಅವನೇ ಬರೆಯಲಿ. ರೆವರೆಂಡ್ ಕಿಟ್ಟೆಲ್ ನಿಘಂಟಿಗೆ ಎಷ್ಟೋ ಮೊದಲೇ, 1862ರಲ್ಲಿ, ಯೇಸುವಿನ ಕಥೆಯನ್ನು ಕನ್ನಡದ ಪದ್ಯಕ್ಕೆ ಇಳಿಸಿ ‘ಕಥಾಮಾಲೆ’ ಮಾಡಿದ್ದರು. ಹೊರಗಿನ ಕಥೆಗೆ ಈ ನೆಲದ ಧಾಟಿ ಕೊಡುವ ಕೆಲಸ ನಮ್ಮ ಸಭೆಗಳಿಗೆ ಹೊಸದಲ್ಲ. ಕನ್ನಡದಲ್ಲಿ ಅವನಿಗೆ ಒಂದು ಅನುಕೂಲವೂ ಇದೆ. ಹಾಡಿನ ಹೆಸರಿನ ‘ಗೌಜ್’ ಎಂಬ ಇಂಗ್ಲಿಷ್ ಕ್ರಿಯಾಪದ ವ್ಯಂಜನದಲ್ಲಿ ಕಚ್ಚಿಕೊಂಡು ನಿಲ್ಲುತ್ತದೆ. ನಮ್ಮ ‘ಕೀಳು’ ಸ್ವರದಲ್ಲಿ ಮುಗಿಯುತ್ತದೆ, ಎಷ್ಟು ಬೇಕಾದರೂ ಎಳೆದು ಕೂಗಬಹುದು. ಕಿತ್ತುಹಾಕು ಎಂಬುದೂ ಕೀಳು, ನೀಚತನವೂ ಕೀಳು. ಗೀತೆ ಬರೆಯುವವನಿಗೆ ಇಂಥ ಪದ ಪುಕ್ಕಟೆ ಸಿಕ್ಕರೆ ಬಿಡಬಾರದು. ಇದರ ಅಪಾಯವೂ ಹೇಳುತ್ತೇನೆ: ಮೊದಲ ಸಲ ಬರೆದದ್ದು ಕೆಟ್ಟದಾಗಿರುತ್ತದೆ. ಆಗ ನೀವು ನಗಬಾರದು, ಹೊಗಳಲೂಬಾರದು. ಹಾಡು ಬಿಟ್ಟುಬಿಟ್ಟ ಇಪ್ಪತ್ತೆರಡನೇ ವಚನವನ್ನು ಅವನ ಮುಂದಿಟ್ಟು, “ಕೂದಲು ಬೆಳೆಯುವುದನ್ನು ಮೆಲ್ಲಗೆ ಹಾಡುತ್ತೀಯೋ, ಜೋರಾಗಿ ಹಾಡುತ್ತೀಯೋ?” ಎಂದು ಕೇಳಿ. ಅವನು ಏನು ಹೇಳುತ್ತಾನೆ ಎಂಬ ಕುತೂಹಲ ನನಗೂ ಇದೆ.

ಅಯ್ಯನವರ ಹತ್ತಿರ ಹೋಗುವಾಗ ಮಗನೇ ಮುಂದೆ ಹೋಗಲಿ, ನೀವು ಹಿಂದೆ ಇರಿ. ಅವರು ಒಪ್ಪಿದರೆ ಬೇಸ್ ನುಡಿಸುವವರನ್ನು ಈಗಿನಿಂದಲೇ ಹುಡುಕಲು ಹೇಳಿ. ಗಾಯನ ವೃಂದದಲ್ಲಿ ಗಿಟಾರಿಗೆ ನಾಲ್ಕು ಜನ ಕೈಯೆತ್ತುತ್ತಾರೆ, ಬೇಸ್‌ಗೆ ಯಾರೂ ಸಿಗುವುದಿಲ್ಲ, ಇಂಥ ಹಾಡು ಶುರುವಾಗುವುದೇ ಅಲ್ಲಿಂದ.